ನಮ್ಮ ಕೆಲಸ ಬೇಕು, ನಾವು ಬೇಕಾ? ವಲಸಿಗರ ಕಣ್ಣಲ್ಲಿ ಜರ್ಮನಿಯ ಪಕ್ಷಗಳು

2000ನೇ ಇಸವಿ. ಜರ್ಮನಿಯ ಐಟಿ ಕಂಪನಿಗಳಿಗೆ ಜನ ಸಿಗುತ್ತಿರಲಿಲ್ಲ. ಆಗ ಚಾನ್ಸಲರ್ ಆಗಿದ್ದ ಎಸ್‌ಪಿಡಿ ಪಕ್ಷದ ಗೆರ್ಹಾರ್ಡ್ ಶ್ರೋಡರ್ ಹ್ಯಾನೋವರ್‌ನ ಸೆಬಿಟ್ ಮೇಳದಲ್ಲಿ ಹೊರದೇಶದ ಕಂಪ್ಯೂಟರ್ ಪರಿಣತರಿಗೆ ‘ಗ್ರೀನ್ ಕಾರ್ಡ್’ ಕೊಡ್ತೀವಿ ಎಂದು ಘೋಷಿಸಿದರು. 20,000 ಜನಕ್ಕೆ ಅವಕಾಶ, ಹೆಚ್ಚೆಂದರೆ 5 ವರ್ಷ. ಅದೇ ಹೊತ್ತಿಗೆ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದಲ್ಲಿ ಚುನಾವಣೆ ಇತ್ತು. ಅಲ್ಲಿನ ಸಿಡಿಯು ನಾಯಕ ಯೂರ್ಗೆನ್ ರೂಟ್ಗರ್ಸ್, ಕಂಪ್ಯೂಟರ್ ಮುಂದೆ ಭಾರತೀಯರನ್ನು ಕೂರಿಸುವ ಬದಲು ನಮ್ಮ ಮಕ್ಕಳನ್ನು ಕೂರಿಸಬೇಕು ಎಂಬರ್ಥದ ಮಾತಾಡಿದರು. ಆ ಮಾತು ‘ಕಿಂಡರ್ ಸ್ಟಾಟ್ ಇಂಡರ್’ ಎಂಬ ಪ್ರಾಸವಾಗಿ ದೇಶವಿಡೀ ಹರಡಿತು. ಅರ್ಥ, ‘ಇಂಡಿಯನ್ನರ ಬದಲು ಮಕ್ಕಳು’.

ಆ ಚುನಾವಣೆಯಲ್ಲಿ ರೂಟ್ಗರ್ಸ್ ಸೋತರು. ಆದರೆ 2005ರಲ್ಲಿ ಅದೇ ರಾಜ್ಯದ ಮುಖ್ಯಮಂತ್ರಿಯಾದರು. 2015ರಲ್ಲಿ ಅದೇ ರಾಜ್ಯದ ಬಾನ್ ನಗರಕ್ಕೆ ಅಶೋಕ್ ಶ್ರೀಧರನ್ ಮೇಯರ್ ಆದರು. ತಂದೆ ಭಾರತೀಯ, ತಾಯಿ ಜರ್ಮನ್, ಪಕ್ಷ ಸಿಡಿಯು! 2026ರ ಜನವರಿಯಲ್ಲಿ ಸಿಡಿಯುವಿನ ಚಾನ್ಸಲರ್ ಫ್ರೆಡ್ರಿಕ್ ಮೆರ್ಜ್ ಬೆಂಗಳೂರಿಗೇ ಬಂದು ಹೋದರು. ಜರ್ಮನಿಗೆ ನುರಿತ ಕೆಲಸಗಾರರು ಬೇಕು, ಭಾರತದಲ್ಲಿ ಅವರು ಸಿಗುತ್ತಾರೆ ಅನ್ನೋದು ಈಗ ಅಲ್ಲಿನ ಬಹುತೇಕ ಪಕ್ಷಗಳ ಒಪ್ಪಿತ ಮಾತು.

ಹಾಗಾದರೆ 25 ವರ್ಷದಲ್ಲಿ ಎಲ್ಲ ಬದಲಾಯಿತಾ? ಜರ್ಮನಿಯಲ್ಲಿ ದುಡಿಯುವ, ತೆರಿಗೆ ಕಟ್ಟುವ, ಆದರೆ ಮತ ಹಾಕಲಾಗದ ನನ್ನಂಥವರಿಗೆ ಇದು ಚರಿತ್ರೆಯ ಪ್ರಶ್ನೆ ಅಲ್ಲ. 2024ರ ಕೊನೆಗೆ ಇಲ್ಲಿ ಸುಮಾರು 2.8 ಲಕ್ಷ ಭಾರತೀಯ ಪ್ರಜೆಗಳಿದ್ದರು. ವಿದೇಶಿ ವಿದ್ಯಾರ್ಥಿಗಳಲ್ಲಿ ಅತಿ ದೊಡ್ಡ ಗುಂಪು ಈಗ ನಮ್ಮದೇ. ಮ್ಯೂನಿಕ್, ಸ್ಟುಟ್‌ಗಾರ್ಟ್, ಬರ್ಲಿನ್‌ಗಳ ಮೆಟ್ರೋದಲ್ಲಿ ಕನ್ನಡ ಕಿವಿಗೆ ಬೀಳೋದು ಅಪರೂಪವೇನಲ್ಲ. ಬಂದ ಹೊಸತರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಇಲ್ಲಿ ನಮ್ಮ ಪಕ್ಷ ಯಾವುದು?”

ಹೋಲಿಕೆ ಕೈಕೊಡುತ್ತೆ

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಹೋಲಿಕೆಯ ಪಟ್ಟಿ. ಸಿಡಿಯು ಅಂದರೆ ಬಿಜೆಪಿ, ಎಸ್‌ಪಿಡಿ ಅಂದರೆ ಕಾಂಗ್ರೆಸ್, ಲಿಂಕೆ ಅಂದರೆ ಕಮ್ಯುನಿಸ್ಟರು, ಗ್ರೀನ್ಸ್ ಅಂದರೆ ಪರಿಸರವಾದಿಗಳು. ವಾಟ್ಸಾಪ್ ಗ್ರೂಪಿಗೆ ಇದು ಸಾಕು. ಅರ್ಥ ಮಾಡಿಕೊಳ್ಳೋಕೆ ಸಾಲದು.

ಹೆಸರಲ್ಲಿ ‘ಕ್ರಿಶ್ಚಿಯನ್’ ಅಂತ ಇದ್ದ ಮಾತ್ರಕ್ಕೆ ಸಿಡಿಯು ಧರ್ಮದ ಪಕ್ಷ ಆಗಲ್ಲ. ನಾಜಿಗಳು ಸೋತ ಮೇಲೆ, 1945ರಲ್ಲಿ, ಅದುವರೆಗೆ ಬೇರೆ ಬೇರೆ ಪಕ್ಷಗಳಲ್ಲಿದ್ದ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಸಂಪ್ರದಾಯವಾದಿಗಳು ಒಂದಾಗಲು ಕಟ್ಟಿಕೊಂಡ ಮನೆ ಅದು. ಯುದ್ಧವಿರೋಧಿ ಚಳವಳಿಯಿಂದ ಹುಟ್ಟಿದ ಗ್ರೀನ್ಸ್ ಇವತ್ತು ಉಕ್ರೇನಿಗೆ ಶಸ್ತ್ರಾಸ್ತ್ರ ಕೊಡಬೇಕು ಎಂದು ಜೋರಾಗಿ ವಾದಿಸುವ ಪಕ್ಷ. ಎಡಪಂಥದಿಂದ ಬಂದ ಸಾರಾ ವಾಗನ್‌ಕ್ನೆಕ್ಟ್ ವಲಸೆಯನ್ನು ಕಡಿಮೆ ಮಾಡಿ ಅನ್ನುತ್ತಾರೆ. ಎಡ-ಬಲ ಅನ್ನುವ ಒಂದೇ ಗೆರೆಯ ಮೇಲೆ ಇವರನ್ನು ಕೂರಿಸಿದರೆ ವಲಸಿಗರಿಗೆ ಬೇಕಾದ ಉತ್ತರ ಸಿಗೋದಿಲ್ಲ.

ಇಂಜಿನಿಯರಿಂಗ್ ಓದಿದ ಅಭ್ಯಾಸಬಲ, ನನಗೆ ಗ್ರಾಫ್ ಹಾಕದೆ ಸಮಾಧಾನ ಇಲ್ಲ. ಎರಡು ಅಕ್ಷ ಎಳೆಯಿರಿ. ಎಕ್ಸ್ ಅಕ್ಷದ ಪ್ರಶ್ನೆ: ಈ ಪಕ್ಷಕ್ಕೆ ನಮ್ಮ ದುಡಿಮೆ ಬೇಕಾ? ಅಂದರೆ ವೀಸಾ, ಬ್ಲೂ ಕಾರ್ಡ್, ಪದವಿಗೆ ಮಾನ್ಯತೆ, ವಿದ್ಯಾರ್ಥಿ ಕೋಟಾ ಇತ್ಯಾದಿ. ವೈ ಅಕ್ಷದ ಪ್ರಶ್ನೆ: ಇಲ್ಲೇ ನೆಲೆಸಿದ ಮೇಲೆ ಈ ಪಕ್ಷ ನಮ್ಮನ್ನು ಸರಿಸಮ ಅಂತ ಎಣಿಸುತ್ತಾ? ಅಂದರೆ ಪೌರತ್ವ, ಮತದಾನದ ಹಕ್ಕು, ನಮ್ಮ ಮಕ್ಕಳ ಸ್ಥಾನ. ಜರ್ಮನಿಯ ರಾಜಕೀಯದ ದೊಡ್ಡ ಗೊಂದಲ ಇರೋದು ಇಲ್ಲೇ. ಮೊದಲ ಪ್ರಶ್ನೆಗೆ ‘ಹೌದು’ ಅಂದವರೆಲ್ಲ ಎರಡನೆಯದಕ್ಕೂ ‘ಹೌದು’ ಅನ್ನುವುದಿಲ್ಲ.

ಮೊದಲು ಲೆಕ್ಕ

ಪಕ್ಷಗಳಿಗೆ ಹೋಗುವ ಮುನ್ನ ಚುನಾವಣೆಯ ಲೆಕ್ಕ ಗೊತ್ತಿರಬೇಕು. ಪ್ರತಿ ಮತದಾರನಿಗೂ ಎರಡು ಮತ. ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಸಂಸತ್ತಿನಲ್ಲಿ, ಅಂದರೆ ಬುಂಡೆಸ್ಟಾಗ್‌ನಲ್ಲಿ, ಯಾರಿಗೆ ಎಷ್ಟು ಸೀಟು ಅನ್ನೋದನ್ನು ನಿರ್ಧರಿಸೋದು ಎರಡನೇ ಮತ. 20 ಪರ್ಸೆಂಟ್ ಮತ ಬಂದರೆ ಹೆಚ್ಚುಕಮ್ಮಿ ಅಷ್ಟೇ ಪಾಲು ಸೀಟು. ನಮ್ಮಲ್ಲಿ 35 ಪರ್ಸೆಂಟ್ ಮತಕ್ಕೆ ಪೂರ್ಣ ಬಹುಮತ ಬಂದಂತೆ ಇಲ್ಲಿ ಬರುವುದಿಲ್ಲ. ಆದರೆ 5 ಪರ್ಸೆಂಟ್ ದಾಟದ ಪಕ್ಷಕ್ಕೆ ಸಾಮಾನ್ಯವಾಗಿ ಏನೂ ಇಲ್ಲ. ಮೂರು ಕ್ಷೇತ್ರ ಗೆದ್ದವರಿಗೆ, ಅಲ್ಪಸಂಖ್ಯಾತ ಜನಾಂಗದ ಪಕ್ಷಗಳಿಗೆ ಮಾತ್ರ ವಿನಾಯಿತಿ.

2025ರ ಫೆಬ್ರವರಿ 23ರ ಚುನಾವಣೆ ನೋಡಿ. ಸಿಡಿಯು-ಸಿಎಸ್‌ಯು 28.5, ಎಎಫ್‌ಡಿ 20.8, ಎಸ್‌ಪಿಡಿ 16.4, ಗ್ರೀನ್ಸ್ 11.6, ಲಿಂಕೆ 8.8 ಪರ್ಸೆಂಟ್. ವಾಗನ್‌ಕ್ನೆಕ್ಟ್ ಅವರ ಬಿಎಸ್‌ಡಬ್ಲ್ಯೂ 4.98ಕ್ಕೆ ನಿಂತಿತು. ಹತ್ತು ಸಾವಿರಕ್ಕೂ ಕಡಿಮೆ ಮತದಲ್ಲಿ ಬಾಗಿಲು ಮುಚ್ಚಿಕೊಂಡಿತು. ಎಫ್‌ಡಿಪಿ 4.3ಕ್ಕೆ ಕುಸಿದು ಹೊರಬಿತ್ತು. 630 ಸೀಟುಗಳಲ್ಲಿ ಸಿಡಿಯು-ಸಿಎಸ್‌ಯುಗೆ 208, ಎಸ್‌ಪಿಡಿಗೆ 120. ಇಬ್ಬರೂ ಸೇರಿ 328, ಬಹುಮತಕ್ಕೆ ಬೇಕಿದ್ದದ್ದು 316. ಅಷ್ಟಿದ್ದರೂ ಮೇ 6ರಂದು ಮೆರ್ಜ್‌ಗೆ ಮೊದಲ ಸುತ್ತಿನಲ್ಲಿ ಸಿಕ್ಕಿದ್ದು 310 ಮತ. ತಮ್ಮವರೇ ಕೆಲವರು ಗುಪ್ತ ಮತದಾನದಲ್ಲಿ ಕೈಕೊಟ್ಟಿದ್ದರು. ಯುದ್ಧಾನಂತರದ ಜರ್ಮನಿಯಲ್ಲಿ ಹೀಗಾಗಿದ್ದು ಅದೇ ಮೊದಲು. ಎರಡನೇ ಸುತ್ತಿನಲ್ಲಿ 325 ಮತ ಪಡೆದು ಚಾನ್ಸಲರ್ ಆದರು.

ಸಮ್ಮಿಶ್ರ ಸರ್ಕಾರವೇ ಇಲ್ಲಿನ ಸಹಜ ಸ್ಥಿತಿ. ಹಾಗಾಗಿ ಪ್ರಣಾಳಿಕೆಗಿಂತ, ಗೆದ್ದ ಮೇಲೆ ಪಕ್ಷಗಳು ಬರೆದುಕೊಳ್ಳುವ ಒಪ್ಪಂದ ಮುಖ್ಯ. ಅದನ್ನು ಎಲ್ಲರೂ ಓದುವಂತೆ ಪ್ರಕಟಿಸುತ್ತಾರೆ. ನಿಮ್ಮ ಪರ್ಮಿಟ್ಟಿನ, ಪೌರತ್ವದ ಹಣೆಬರಹ ಇರೋದು ಆ ಪುಟಗಳಲ್ಲಿ.

ಸಿಡಿಯು-ಸಿಎಸ್‌ಯು: ಕೆಲಸಕ್ಕೆ ಬನ್ನಿ, ಉಳಿದದ್ದು ಆಮೇಲೆ

ಆಡೆನೌವರ್, ಕೋಲ್, ಮರ್ಕೆಲ್: ಯುದ್ಧಾನಂತರದ ಅರ್ಧಕ್ಕಿಂತ ಹೆಚ್ಚು ಕಾಲ ಆಳಿದ್ದು ಸಿಡಿಯು. ಬವೇರಿಯಾದಲ್ಲಿ ಮಾತ್ರ ಸಿಡಿಯು ಸ್ಪರ್ಧಿಸೋದಿಲ್ಲ. ಅಲ್ಲಿ ಅದರ ಜೋಡಿ ಪಕ್ಷ ಸಿಎಸ್‌ಯು. 1957ರಿಂದ ಒಂದು ಸಲವೂ ತಪ್ಪದೆ ಬವೇರಿಯಾ ಸರ್ಕಾರದ ಚುಕ್ಕಾಣಿ ಹಿಡಿದಿರುವ ಸಿಎಸ್‌ಯು ಬೇರೆ ರಾಜ್ಯಕ್ಕೆ ಕಾಲಿಡೋದಿಲ್ಲ. ಬುಂಡೆಸ್ಟಾಗ್‌ನಲ್ಲಿ ಎರಡೂ ಒಂದೇ ಗುಂಪು. ಬಿಎಂಡಬ್ಲ್ಯೂ, ಸೀಮೆನ್ಸ್ ಇರುವ ಮ್ಯೂನಿಕ್ಕಿಗೆ ಬರುವ ಕನ್ನಡಿಗರು ಮೊದಲು ನೋಡುವ ರಾಜಕೀಯ ಇವರದು.

ದುಡಿಮೆಯ ಅಕ್ಷದಲ್ಲಿ ಇವರದು ಬಹಳ ಹಿಂದಿನಿಂದಲೂ ‘ಹೌದು’. ಟರ್ಕಿಯಿಂದ ಕೆಲಸಗಾರರನ್ನು ಕರೆಸುವ 1961ರ ಒಪ್ಪಂದ ಆಡೆನೌವರ್ ಕಾಲದ್ದು. ಉದ್ದಿಮೆಗಳಿಗೆ ಆಳು ಬೇಕಿತ್ತು, ಕರೆಸಿದರು. ಬಂದವರು ಉಳಿದುಕೊಂಡಾಗ ಮಾತು ಬದಲಾಯಿತು. 1983ರಲ್ಲಿ ಕೋಲ್ ಸರ್ಕಾರ ಊರಿಗೆ ವಾಪಸ್ ಹೋಗುವವರಿಗೆ 10,500 ಮಾರ್ಕ್ ಕೊಡುವ ಕಾನೂನು ತಂದಿತು. 1989ರಲ್ಲಿ ಹ್ಯಾಂಬರ್ಗ್ ಮತ್ತು ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯಗಳು ವಿದೇಶಿಯರಿಗೂ ಸ್ಥಳೀಯ ಮತದಾನದ ಹಕ್ಕು ಕೊಡಲು ಹೊರಟಾಗ ಸಿಡಿಯು-ಸಿಎಸ್‌ಯು ಸಂಸದರು ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದರು. 1990ರಲ್ಲಿ ನ್ಯಾಯಾಲಯ ಎರಡೂ ಕಾನೂನನ್ನು ರದ್ದು ಮಾಡಿತು. 1999ರಲ್ಲಿ ಎರಡು ಪೌರತ್ವದ ವಿರುದ್ಧ ಲಕ್ಷಾಂತರ ಸಹಿ ಸಂಗ್ರಹಿಸಿ ಹೆಸ್ಸೆ ರಾಜ್ಯದ ಚುನಾವಣೆ ಗೆದ್ದರು.

2000ದ ಕೊನೆಗೆ ಸಿಡಿಯುವಿನ ಸಂಸದೀಯ ನಾಯಕರೊಬ್ಬರು ಇನ್ನೊಂದು ಚರ್ಚೆ ಎಬ್ಬಿಸಿದರು. ಬಂದವರು ಜರ್ಮನಿಯ ‘ಲೈಟ್‌ಕುಲ್ಟೂರ್’ಗೆ, ಅಂದರೆ ಇಲ್ಲಿನ ಮುಖ್ಯ ಸಂಸ್ಕೃತಿಗೆ ಹೊಂದಿಕೊಳ್ಳಬೇಕು ಎಂಬುದು ಅವರ ವಾದ. ಆ ನಾಯಕ ಬೇರೆ ಯಾರೂ ಅಲ್ಲ, ಇವತ್ತಿನ ಚಾನ್ಸಲರ್ ಮೆರ್ಜ್.

ಆದರೆ 2015ರಲ್ಲಿ ಯುದ್ಧದಿಂದ ಓಡಿ ಬಂದ ಸಿರಿಯನ್ನರಿಗೆ ಗಡಿ ಮುಚ್ಚದೆ ನಿಂತದ್ದೂ ಇದೇ ಪಕ್ಷದ ಮರ್ಕೆಲ್. 2020ರಲ್ಲಿ ನುರಿತ ಕೆಲಸಗಾರರ ವಲಸೆ ಕಾಯ್ದೆ ಜಾರಿಗೆ ಬಂದದ್ದೂ ಅವರ ಕಾಲದಲ್ಲೇ. ಹಾಗಾಗಿ ಸಿಡಿಯುವನ್ನು ಒಂದೇ ಬಣ್ಣದಲ್ಲಿ ಬಳಿಯೋಕೆ ಆಗಲ್ಲ. ನನಗೆ ಕಾಣೋದು ಇಷ್ಟು: ದುಡಿಮೆಯ ಅಕ್ಷದಲ್ಲಿ ಅದು ಗಟ್ಟಿ. ಸಮಾನತೆಯ ಅಕ್ಷದಲ್ಲಿ ಪ್ರತಿ ಹೆಜ್ಜೆಯನ್ನೂ ಯಾರಾದರೂ ಎಳೆದ ಮೇಲೆ, ತಡವಾಗಿ ಇಡುತ್ತೆ.

ಎಸ್‌ಪಿಡಿ: 16 ಪರ್ಸೆಂಟಿನ ಬೆಲೆ

1863ರಲ್ಲಿ ಕಾರ್ಮಿಕ ಸಂಘಟನೆಯಾಗಿ ಹುಟ್ಟಿದ ಪಕ್ಷ. 1933ರಲ್ಲಿ ಹಿಟ್ಲರ್‌ಗೆ ಸರ್ವಾಧಿಕಾರ ಕೊಡುವ ಮಸೂದೆ ಬಂದಾಗ ಸಂಸತ್ತಿನಲ್ಲಿ ವಿರುದ್ಧ ಮತ ಹಾಕಿದ 94 ಜನರೂ ಎಸ್‌ಪಿಡಿಯವರು. ಕಮ್ಯುನಿಸ್ಟ್ ಸಂಸದರು ಆಗಲೇ ಜೈಲಿನಲ್ಲೋ ತಲೆಮರೆಸಿಕೊಂಡೋ ಇದ್ದರು. ಆ ನೈತಿಕ ಬಂಡವಾಳ ಇನ್ನೂ ಪಕ್ಷದ ಖಾತೆಯಲ್ಲಿದೆ, ಮತಗಳು ಮಾತ್ರ ಕರಗಿವೆ. ಶ್ರೋಡರ್ ಕಾಲದ ‘ಅಜೆಂಡಾ 2010’ ನಿರುದ್ಯೋಗಿಗಳ ಭತ್ಯೆಗೆ ಕತ್ತರಿ ಹಾಕಿದ ಮೇಲೆ ಕಾರ್ಮಿಕರ ಒಂದು ಪಾಲು ಪಕ್ಷವನ್ನು ಬಿಟ್ಟು ಹೋಯಿತು. 2025ರ 16.4 ಪರ್ಸೆಂಟ್ ಯುದ್ಧಾನಂತರದ ಸಂಸತ್ ಚುನಾವಣೆಗಳಲ್ಲಿ ಅದರ ಅತಿ ಕೆಟ್ಟ ಫಲಿತಾಂಶ.

ವಲಸಿಗರಿಗೆ ಇದು ತನ್ನಿಂತಾನೇ ‘ನಮ್ಮ ಪಕ್ಷ’ ಅಂತಲೂ ಅಲ್ಲ. 1973ರಲ್ಲಿ ಹೊರಗಿನ ಕೆಲಸಗಾರರ ನೇಮಕ ನಿಲ್ಲಿಸಿದ್ದು ಎಸ್‌ಪಿಡಿಯ ವಿಲ್ಲಿ ಬ್ರಾಂಟ್ ಸರ್ಕಾರ. 2023ರಲ್ಲಿ ದೊಡ್ಡ ಪ್ರಮಾಣದಲ್ಲಿ ಗಡಿಪಾರು ಮಾಡಬೇಕು ಅಂದದ್ದು ಎಸ್‌ಪಿಡಿಯ ಚಾನ್ಸಲರ್ ಶೋಲ್ಜ್. 2024ರ ಸೆಪ್ಟೆಂಬರ್‌ನಲ್ಲಿ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿದ್ದೂ ಅದೇ ಪಕ್ಷದ ಗೃಹ ಸಚಿವೆ.

ಆದರೂ ಎರಡನೇ ಅಕ್ಷದಲ್ಲಿ ಎಸ್‌ಪಿಡಿಯ ದಾಖಲೆ ಬೇರೆಯೇ. ಜರ್ಮನಿಯ ಪೌರತ್ವ ಬಹುಕಾಲ 1913ರ ಕಾನೂನಿನಂತೆ ವಂಶದಿಂದ ಮಾತ್ರ ಬರುತ್ತಿತ್ತು. ಇಲ್ಲೇ ಹುಟ್ಟಿ, ಇಲ್ಲೇ ಶಾಲೆಗೆ ಹೋದ ಟರ್ಕಿ ಮೂಲದ ಮಗುವೂ ಕಾಗದದಲ್ಲಿ ವಿದೇಶಿಯೇ. ಅದನ್ನು 2000ದಲ್ಲಿ ಬದಲಿಸಿದ್ದು ಎಸ್‌ಪಿಡಿ-ಗ್ರೀನ್ಸ್ ಸರ್ಕಾರ. 2024ರ ಜೂನ್ 27ರಿಂದ ಪೌರತ್ವಕ್ಕೆ 8 ವರ್ಷದ ಬದಲು 5 ವರ್ಷ, ಜೊತೆಗೆ ಹಳೇ ಪಾಸ್‌ಪೋರ್ಟ್ ಉಳಿಸಿಕೊಳ್ಳಲು ಅವಕಾಶ, ವಿಶೇಷ ಸಾಧನೆ ಇದ್ದವರಿಗೆ 3 ವರ್ಷವೇ ಸಾಕು ಎಂದದ್ದು ಎಸ್‌ಪಿಡಿ, ಗ್ರೀನ್ಸ್, ಎಫ್‌ಡಿಪಿ ಸರ್ಕಾರ. ಆ ವರ್ಷ 2.9 ಲಕ್ಷಕ್ಕೂ ಹೆಚ್ಚು ಜನ ಪೌರತ್ವ ಪಡೆದರು.

ಈ ಸುಧಾರಣೆಯನ್ನು ಕಿತ್ತುಹಾಕುತ್ತೇವೆ ಅಂತಲೇ ಸಿಡಿಯು-ಸಿಎಸ್‌ಯು 2025ರ ಚುನಾವಣೆಗೆ ಹೋದದ್ದು. ಗೆದ್ದರು ಕೂಡ. ಆದರೆ ಸರ್ಕಾರ ರಚಿಸಲು ಎಸ್‌ಪಿಡಿ ಬೇಕಿತ್ತು. ಚೌಕಾಸಿಯ ಕೊನೆಗೆ ಹೋದದ್ದು 3 ವರ್ಷದ ದಾರಿ ಮಾತ್ರ, 2025ರ ಅಕ್ಟೋಬರ್ ಕೊನೆಯಲ್ಲಿ. 5 ವರ್ಷ ಮತ್ತು ಎರಡು ಪೌರತ್ವ ಉಳಿದವು. ಸೋತ ಪಕ್ಷದ 16.4 ಪರ್ಸೆಂಟ್ ಮತ ಲಕ್ಷಾಂತರ ವಲಸಿಗರ 3 ವರ್ಷ ಉಳಿಸಿತು. ಸಮ್ಮಿಶ್ರ ಒಪ್ಪಂದ ಓದಿ ಅಂದದ್ದು ಇದಕ್ಕೇ.

ಗ್ರೀನ್ಸ್, ಎಫ್‌ಡಿಪಿ, ಲಿಂಕೆ

ಗ್ರೀನ್ಸ್ 1980ರಲ್ಲಿ ಹುಟ್ಟಿ 1983ರಲ್ಲಿ ಬುಂಡೆಸ್ಟಾಗ್ ಹೊಕ್ಕವರು. ಅಣುಸ್ಥಾವರ ವಿರೋಧ ಅವರ ತಾಯಿಬೇರು. ಕೊನೆಯ ಮೂರು ಸ್ಥಾವರಗಳು 2023ರ ಏಪ್ರಿಲ್ 15ರಂದು ಮುಚ್ಚಿದವು. ಎರಡೂ ಅಕ್ಷಗಳಲ್ಲಿ ‘ಹೌದು’ ಅನ್ನುವ ಪಕ್ಷ ಇದು. ತಾಯಿ ಕೇರಳದವರಾದ ಜೋಸೆಫ್ ವಿಂಕ್ಲರ್ 2002ರಿಂದ 2013ರವರೆಗೆ ಗ್ರೀನ್ಸ್ ಸಂಸದರಾಗಿದ್ದರು. ಇವರ ಕಷ್ಟ ಬೇರೆ. ಮತದಾರರು ಹೆಚ್ಚಾಗಿ ನಗರದ, ಓದಿದ, ಸಂಬಳ ಚೆನ್ನಾಗಿರುವ ಜನ. ಮನೆಗೆ ಹೊಸ ಬಗೆಯ ಹೀಟರ್ ಹಾಕಿಸಬೇಕು ಎಂಬ 2023ರ ಕಾನೂನು ಹಳ್ಳಿ ಮತ್ತು ಸಣ್ಣ ಊರುಗಳ ಮನೆಮಾಲೀಕರ ಸಿಟ್ಟಿಗೆ ಕಾರಣವಾಯಿತು. ಆ ಸಿಟ್ಟನ್ನು ಬೇರೆಯವರು ಕೊಯ್ದುಕೊಂಡರು.

ಎಫ್‌ಡಿಪಿ ಮಾರುಕಟ್ಟೆಯ ಪಕ್ಷ. ತೆರಿಗೆ ಕಡಿಮೆ ಮಾಡಿ, ಸರ್ಕಾರ ಸಾಲ ಮಾಡಬಾರದು, ನುರಿತವರನ್ನು ಅಂಕದ ಲೆಕ್ಕದಲ್ಲಿ ಕರೆಸಿ. 2024ರ ಜೂನ್‌ನಲ್ಲಿ ಬಂದ ‘ಚಾನ್ಸೆನ್‌ಕಾರ್ಟೆ’, ಅಂದರೆ ಕೆಲಸ ಹುಡುಕಲು ಅಂಕಗಳ ಮೇಲೆ ಕೊಡುವ ಪರ್ಮಿಟ್, ಅದು ಭಾಗವಾಗಿದ್ದ ಸರ್ಕಾರದ್ದೇ. ಐಟಿಯವರಿಗೆ ಇಷ್ಟವಾಗುವ ಪಕ್ಷ. ಸಾಲದ ಮಿತಿಯ ಜಗಳದಲ್ಲಿ ಅದರ ನಾಯಕ, ಹಣಕಾಸು ಸಚಿವ ಲಿಂಡ್ನರ್ ಅವರನ್ನು ಶೋಲ್ಜ್ 2024ರ ನವೆಂಬರ್ 6ರಂದು ವಜಾ ಮಾಡಿದರು, ಸರ್ಕಾರ ಬಿತ್ತು. ವಿಚಿತ್ರ ಅಂದರೆ, ಚುನಾವಣೆಯಾದ ಒಂದೇ ತಿಂಗಳೊಳಗೆ ಸಿಡಿಯುವೇ ಮುಂದೆ ನಿಂತು ಆ ಸಾಲದ ಮಿತಿಯನ್ನು ಸಡಿಲಿಸಿ 500 ಬಿಲಿಯನ್ ಯೂರೋ ಮೂಲಸೌಕರ್ಯ ನಿಧಿಗೆ ದಾರಿ ಮಾಡಿತು.

ಲಿಂಕೆ, ಅಂದರೆ ಎಡಪಕ್ಷ, 2007ರಲ್ಲಿ ಎರಡು ಗುಂಪು ಸೇರಿ ಆದದ್ದು. ಅದರ ಒಂದು ಬೇರು ಹಳೇ ಪೂರ್ವ ಜರ್ಮನಿಯ ಆಡಳಿತ ಪಕ್ಷದಲ್ಲಿದೆ. ಅದಕ್ಕೇ ಹಿರಿಯರಿಗೆ ಇನ್ನೂ ಅನುಮಾನ. ವಾಗನ್‌ಕ್ನೆಕ್ಟ್ ಹೊರಟು 2024ರ ಜನವರಿಯಲ್ಲಿ ತಮ್ಮದೇ ಪಕ್ಷ ಕಟ್ಟಿದಾಗ ಲಿಂಕೆ ಕಥೆ ಮುಗೀತು ಅಂದವರೇ ಹೆಚ್ಚು. ಅದಾಗಲಿಲ್ಲ. ಮನೆ ಬಾಡಿಗೆ, ದಿನಸಿ ಬೆಲೆ ಹಿಡಿದು ಮನೆಮನೆಗೆ ಹೋದರು. ಸಂಸತ್ತಿನಲ್ಲಿ ಹೈಡಿ ರೈಕಿನೆಕ್ ಮಾಡಿದ ಭಾಷಣ ಟಿಕ್‌ಟಾಕ್‌ನಲ್ಲಿ ಹರಿದಾಡಿತು. ಮತಗಟ್ಟೆ ಸಮೀಕ್ಷೆಯ ಪ್ರಕಾರ 18ರಿಂದ 24 ವಯಸ್ಸಿನವರಲ್ಲಿ ಮೊದಲ ಸ್ಥಾನ ಲಿಂಕೆಗೆ, ಸುಮಾರು 25 ಪರ್ಸೆಂಟ್. ಎರಡನೇ ಸ್ಥಾನ ಎಎಫ್‌ಡಿಗೆ, ಸುಮಾರು 21. ಯುವಜನ ಅಂದರೆ ಪ್ರಗತಿಪರರು ಎಂಬ ಸಲೀಸು ನಂಬಿಕೆಗೆ ಈ ಎರಡು ಅಂಕಿ ಸಾಕು.

ಎಎಫ್‌ಡಿ: ಪ್ರೊಫೆಸರ್‌ಗಳ ಪಕ್ಷ ಎಲ್ಲಿಗೆ ಬಂತು

2013ರಲ್ಲಿ ಯೂರೋ ಸಾಲ ಪರಿಹಾರವನ್ನು ವಿರೋಧಿಸಿ ಅರ್ಥಶಾಸ್ತ್ರದ ಪ್ರೊಫೆಸರ್‌ಗಳು ಮುಂದೆ ನಿಂತು ಕಟ್ಟಿದ ಪಕ್ಷ. 2015ರ ವಲಸೆಯ ಅಲೆಯ ನಂತರ ಅದರ ವಿಷಯವೇ ಬದಲಾಯಿತು. ಸ್ಥಾಪಕರಲ್ಲಿ ಮುಖ್ಯರಾಗಿದ್ದ ಬೆರ್ನ್ಡ್ ಲುಕೆ ಆ ವರ್ಷವೇ ಹೊರನಡೆದರು. 2021ರಲ್ಲಿ 10.4 ಪರ್ಸೆಂಟ್ ಇದ್ದದ್ದು 2025ರಲ್ಲಿ ಎರಡರಷ್ಟಾಯಿತು. ಪೂರ್ವದ ಐದೂ ರಾಜ್ಯಗಳಲ್ಲಿ ಮೊದಲ ಸ್ಥಾನ. ಅಲ್ಲಿ ವಿದೇಶಿಯರ ಪ್ರಮಾಣ ಪಶ್ಚಿಮಕ್ಕಿಂತ ಕಡಿಮೆ. 1990ರ ನಂತರ ಕಾರ್ಖಾನೆಗಳು ಮುಚ್ಚಿ, ಯುವಕರು ಪಶ್ಚಿಮಕ್ಕೆ ಹೊರಟು ಹೋಗಿ, ಸಂಬಳ ಇವತ್ತಿಗೂ ಹಿಂದೆ ಉಳಿದ ಊರುಗಳವು. ಸಿಟ್ಟಿಗೆ ನಿಜವಾದ ಕಾರಣ ಇದೆ. ಅದು ತೋರುವ ಗುರಿ ಬೇರೆ.

2025ರ ಜನವರಿಯಲ್ಲಿ ರೀಸಾದ ಪಕ್ಷದ ಸಮಾವೇಶದಲ್ಲಿ ಆಲಿಸ್ ವೈಡೆಲ್ ‘ರಿಮಿಗ್ರೇಷನ್’ ಎಂಬ ಪದವನ್ನು ವೇದಿಕೆಯಿಂದಲೇ ಹೇಳಿದರು. ಬಂದವರನ್ನು ವಾಪಸ್ ಕಳಿಸುವುದು ಅಂತ ಅರ್ಥ. ಅದಕ್ಕೆ ಒಂದು ವರ್ಷ ಮುಂಚೆ, ಪೋಟ್ಸ್‌ಡಾಮ್‌ನ ಹೋಟೆಲೊಂದರ ಗುಪ್ತ ಸಭೆಯಲ್ಲಿ ಎಎಫ್‌ಡಿ ರಾಜಕಾರಣಿಗಳೂ ಇದ್ದರು, ಇದೇ ವಿಷಯ ಚರ್ಚೆಯಾಯಿತು ಎಂದು ‘ಕರೆಕ್ಟಿವ್’ ತನಿಖಾ ಸಂಸ್ಥೆ ವರದಿ ಮಾಡಿದಾಗ ಲಕ್ಷಾಂತರ ಜನ ಬೀದಿಗಿಳಿದಿದ್ದರು. ಪೌರತ್ವ ಪಡೆದವರನ್ನು ಕಳಿಸುವ ಮಾತು ಅಲ್ಲಿ ಆಗಿಲ್ಲ ಎಂದು ಭಾಗವಹಿಸಿದವರು ವಾದಿಸಿದರು. ಆದರೆ ಪೌರತ್ವ ಕಾನೂನನ್ನು 2000ಕ್ಕೆ ಮುಂಚಿನ ವಂಶದ ತತ್ವಕ್ಕೆ ಒಯ್ಯಬೇಕು ಅನ್ನೋದು ಗುಟ್ಟೇನಲ್ಲ, ಪಕ್ಷದ ಬರಹದಲ್ಲೇ ಇದೆ. 2025ರ ಮೇನಲ್ಲಿ ದೇಶದ ಆಂತರಿಕ ಗುಪ್ತಚರ ಸಂಸ್ಥೆ ಪಕ್ಷವನ್ನು ‘ಖಚಿತ ಬಲಪಂಥೀಯ ಉಗ್ರವಾದಿ’ ಎಂದು ವರ್ಗೀಕರಿಸಿತು. ‘ಜನ’ ಅಂದರೆ ಯಾರು ಅನ್ನೋದನ್ನು ಈ ಪಕ್ಷ ವಂಶದಿಂದ ಅಳೆಯುತ್ತೆ ಅನ್ನೋದೇ ಮುಖ್ಯ ಕಾರಣ. ಪಕ್ಷ ಕೋರ್ಟಿಗೆ ಹೋಯಿತು, ಸಂಸ್ಥೆ ಆ ಹಣೆಪಟ್ಟಿಯ ಬಳಕೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು.

ಉಳಿದ ಪಕ್ಷಗಳು ಎಎಫ್‌ಡಿ ಜೊತೆ ಕೈಜೋಡಿಸುವುದಿಲ್ಲ ಎಂಬ ಅಲಿಖಿತ ನಿಯಮಕ್ಕೆ ಇಲ್ಲಿ ‘ಬ್ರಾಂಡ್‌ಮೌವರ್’ ಅನ್ನುತ್ತಾರೆ. ಬೆಂಕಿ ಪಕ್ಕದ ಮನೆಗೆ ಹರಡದಂತೆ ಕಟ್ಟುವ ಗೋಡೆ ಅಂತ. 2025ರ ಜನವರಿ 29ರಂದು ಮೆರ್ಜ್ ತಂದ ವಲಸೆ ನಿರ್ಣಯ ಎಎಫ್‌ಡಿ ಮತಗಳ ಬಲದಿಂದ 348–345ರಲ್ಲಿ ಪಾಸಾದಾಗ ಆ ಗೋಡೆಯಲ್ಲಿ ಬಿರುಕು ಕಂಡಿತು. ಸ್ವತಃ ಮರ್ಕೆಲ್ ಬಹಿರಂಗವಾಗಿ ತಪ್ಪು ಎಂದರು. ಎರಡು ದಿನ ಬಿಟ್ಟು ಬಂದ ಮಸೂದೆ ಸಿಡಿಯುವಿನದೇ ಕೆಲವರು ಬೆಂಬಲಿಸದೆ ಬಿದ್ದುಹೋಯಿತು.

‘ಒಳ್ಳೆ ವಲಸಿಗ’ ಎಂಬ ಬಲೆ

ಈಗ ನನಗೆ ನಿಜಕ್ಕೂ ಚಿಂತೆ ಹುಟ್ಟಿಸುವ ವಿಷಯ. ಇಲ್ಲಿನ ನಮ್ಮವರ ನಡುವೆ ಆಗಾಗ ಕೇಳಿಬರುವ ಮಾತು: “ಅವರು ವಿರೋಧಿಸೋದು ಅಕ್ರಮವಾಗಿ ಬಂದೋರನ್ನ, ಭತ್ಯೆ ಮೇಲೆ ಕೂತೋರನ್ನ. ನಾವು ಟ್ಯಾಕ್ಸ್ ಕಟ್ತೀವಿ, ಬ್ಲೂ ಕಾರ್ಡ್ ಇದೆ. ನಮಗೇನು?” ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಊರಿನ ಧರ್ಮದ ಲೆಕ್ಕವನ್ನೇ ಇಲ್ಲಿಗೂ ಹೊತ್ತು ತಂದು, “ಅವರ ವಿರೋಧಿಗಳು ನಮ್ಮ ವಿರೋಧಿಗಳೇ ಅಲ್ವಾ?” ಅನ್ನುತ್ತಾರೆ.

ಕಾನೂನಿನ ಮಟ್ಟದಲ್ಲಿ ಈ ಮಾತಿಗೆ ಆಧಾರ ಇದೆ. 2024ರ ಅಕ್ಟೋಬರ್‌ನಲ್ಲಿ ಶೋಲ್ಜ್ ಸರ್ಕಾರ ಭಾರತೀಯ ನುರಿತ ಕೆಲಸಗಾರರ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆ ಎಂದಿತು. ಸರ್ಕಾರ ಬದಲಾದ ಮೇಲೆ, ಅದೇ 2025ರಲ್ಲಿ, ಸೀಮಿತ ರಕ್ಷಣೆ ಪಡೆದ ನಿರಾಶ್ರಿತರು ಹೆಂಡತಿ-ಮಕ್ಕಳನ್ನು ಕರೆಸಿಕೊಳ್ಳುವುದನ್ನು 2 ವರ್ಷ ತಡೆಯಲಾಯಿತು. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಜರ್ಮನ್ ಪರೀಕ್ಷೆಯೂ ಬೇಕಿಲ್ಲ. ಒಬ್ಬರಿಗೆ ರತ್ನಗಂಬಳಿ, ಒಬ್ಬರಿಗೆ ಬಾಗಿಲು. ನಾವು ರತ್ನಗಂಬಳಿ ಮೇಲಿದ್ದೀವಿ ಅಂತ ಸಮಾಧಾನ.

ಆದರೆ ಬೀದಿಯಲ್ಲಿ ನಡೆಯುವಾಗ ಎದುರಿನವರಿಗೆ ಕಾಣೋದು ಪರ್ಮಿಟ್ ಅಲ್ಲ, ಮೈಬಣ್ಣ. 2025ರ ಅಕ್ಟೋಬರ್‌ನಲ್ಲಿ ಮೆರ್ಜ್, ನಗರಗಳ ‘ಚಿತ್ರ’ದಲ್ಲಿ ಇನ್ನೂ ಸಮಸ್ಯೆ ಇದೆ, ಅದಕ್ಕೇ ಗೃಹ ಸಚಿವರು ದೊಡ್ಡ ಮಟ್ಟದಲ್ಲಿ ಗಡಿಪಾರಿಗೆ ಹೊರಟಿದ್ದಾರೆ ಎಂಬರ್ಥದಲ್ಲಿ ಮಾತಾಡಿದರು. ಗದ್ದಲವಾದ ಮೇಲೆ, ಇರುವ ಹಕ್ಕಿಲ್ಲದ, ಕೆಲಸವಿಲ್ಲದ, ನಿಯಮ ಪಾಲಿಸದವರ ಬಗ್ಗೆ ಹೇಳಿದ್ದು ಎಂದು ವಿವರಿಸಿದರು, ವಲಸಿಗರು ದೇಶಕ್ಕೆ ಬೇಕು ಎಂದೂ ಸೇರಿಸಿದರು. ಸರಿ. ಆದರೆ ರಸ್ತೆಯಲ್ಲಿ ನಿಂತವನ ವೀಸಾ ಸ್ಥಿತಿ ನಗರದ ‘ಚಿತ್ರ’ದಲ್ಲಿ ಕಾಣೋದು ಹೇಗೆ?

ಇದು ಬರೀ ತರ್ಕ ಅಲ್ಲ. 2007ರ ಆಗಸ್ಟ್‌ನಲ್ಲಿ ಸ್ಯಾಕ್ಸನಿಯ ಮ್ಯೂಗೆಲ್ನ್ ಎಂಬ ಸಣ್ಣ ಊರಿನ ಹಬ್ಬದಲ್ಲಿ 8 ಮಂದಿ ಭಾರತೀಯರನ್ನು ಸುಮಾರು 50 ಜನರ ಗುಂಪು ಅಟ್ಟಾಡಿಸಿ ಹೊಡೆಯಿತು. ಅವರು ಪಿಜ್ಜಾ ಅಂಗಡಿಯೊಂದಕ್ಕೆ ಓಡಿ ಬಾಗಿಲು ಹಾಕಿಕೊಂಡು ಜೀವ ಉಳಿಸಿಕೊಂಡರು. ಪೇಪರ್ ಸರಿ ಇದೆಯಾ ಅಂತ ಆ ಗುಂಪು ಕೇಳಲಿಲ್ಲ. 2020ರ ಫೆಬ್ರವರಿಯಲ್ಲಿ ಹನಾವ್‌ನಲ್ಲಿ ವಲಸೆ ಮೂಲದ 9 ಜನರನ್ನು ಗುಂಡಿಟ್ಟು ಕೊಂದವನೂ ಕೇಳಲಿಲ್ಲ. ಸತ್ತವರಲ್ಲಿ ಹಲವರು ಹುಟ್ಟಿ ಬೆಳೆದದ್ದು ಜರ್ಮನಿಯಲ್ಲೇ.

ಟರ್ಕಿಯವರೂ ಒಂದು ಕಾಲಕ್ಕೆ ‘ಒಳ್ಳೆ ವಲಸಿಗ’ರಾಗಿದ್ದರು, ಕಾರ್ಖಾನೆಗೆ ಆಳು ಬೇಕಿದ್ದಷ್ಟು ದಿನ. ದುಡಿಮೆಯ ಅಕ್ಷದ ಮೇಲೆ ಸಿಗುವ ಗೌರವ ಮಾರುಕಟ್ಟೆಯದು. ಕಾರು ಕಂಪನಿಗಳು ಈಗಾಗಲೇ ಜನ ಕಡಿತ ಶುರು ಮಾಡಿವೆ. ನಾಳೆ ಕೋಡ್ ಬರೆಯೋರ ಅಗತ್ಯ ಕುಸಿದರೆ ಆ ಗೌರವವೂ ಕುಸಿಯುತ್ತೆ. ಎರಡನೇ ಅಕ್ಷದ ಹಕ್ಕು ಹಾಗಲ್ಲ, ಅದು ಕಾನೂನಿನಲ್ಲಿ ಬರೆದಿರುತ್ತೆ. ಅದಕ್ಕೇ ವಲಸಿಗರು ಪಕ್ಷವೊಂದನ್ನು ಅಳೆಯಬೇಕಾದ್ದು ಅದು ನಮ್ಮ ಬಗ್ಗೆ ಎಷ್ಟು ಒಳ್ಳೆ ಮಾತಾಡುತ್ತೆ ಅನ್ನೋದರಿಂದಲ್ಲ. ನಮಗಿಂತ ಕೆಳಗಿರುವ ವಲಸಿಗನ ಬಗ್ಗೆ ಹೇಗೆ ಮಾತಾಡುತ್ತೆ ಅನ್ನೋದರಿಂದ.

ಮತ ಇಲ್ಲ, ಹಾಗಂತ ದಾರಿ ಇಲ್ಲ ಅಂತಲ್ಲ

ಸುಮಾರು 8.3 ಕೋಟಿ ಜನರ ಈ ದೇಶದಲ್ಲಿ 1.2 ಕೋಟಿಗೂ ಹೆಚ್ಚು ಜನರಿಗೆ ಜರ್ಮನ್ ಪೌರತ್ವ ಇಲ್ಲ. ಯುರೋಪಿಯನ್ ಒಕ್ಕೂಟದವರಿಗೆ ಸ್ಥಳೀಯ ಚುನಾವಣೆಯಲ್ಲಾದರೂ ಮತ ಇದೆ. ನಮಗೆ ಅದೂ ಇಲ್ಲ. ಎಸ್‌ಪಿಡಿ, ಗ್ರೀನ್ಸ್, ಲಿಂಕೆ ಕೊಡಬೇಕು ಅನ್ನುತ್ತವೆ. 1990ರ ತೀರ್ಪು ಅಡ್ಡ ಇರುವುದರಿಂದ ಸಂವಿಧಾನ ತಿದ್ದುಪಡಿಯೇ ಆಗಬೇಕು. ಅದಕ್ಕೆ ಬೇಕಾದ ಮೂರನೇ ಎರಡು ಬಹುಮತ ಕಣ್ಣಳತೆಯಲ್ಲಿಲ್ಲ.

ಆದರೆ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಪಕ್ಷ ಸೇರೋಕೆ ಪೌರತ್ವ ಬೇಕೇ ಬೇಕು ಅಂತಿಲ್ಲ. ಎಸ್‌ಪಿಡಿಗೆ 14 ವರ್ಷ ತುಂಬಿದ ಯಾರೂ ಸದಸ್ಯರಾಗಬಹುದು. 2025ರಲ್ಲಿ ಸಿಡಿಯು ಜೊತೆ ಸರ್ಕಾರ ಮಾಡಬೇಕಾ ಬೇಡವಾ ಅಂತ ಎಸ್‌ಪಿಡಿ ತನ್ನ ಸದಸ್ಯರ ಮತ ಕೇಳಿತು. ಸುಮಾರು 85 ಪರ್ಸೆಂಟ್ ಒಪ್ಪಿದರು. ಅಂದರೆ, ಚುನಾವಣೆಯಲ್ಲಿ ಮತ ಹಾಕಲಾಗದ ಒಬ್ಬ ಭಾರತೀಯ ಪ್ರಜೆ ಪಕ್ಷದ ಕಾರ್ಡ್ ಇದ್ದರೆ ಸರ್ಕಾರ ಆಗಬೇಕಾ ಅನ್ನೋ ಪ್ರಶ್ನೆಗೆ ಮತ ಹಾಕಬಹುದಿತ್ತು! ಇದರ ಜೊತೆ ಕಾರ್ಮಿಕ ಸಂಘಗಳಿವೆ, ಕಂಪನಿಯೊಳಗಿನ ನೌಕರರ ಮಂಡಳಿ ಚುನಾವಣೆ ಇದೆ. ಅದರಲ್ಲಿ ಪಾಸ್‌ಪೋರ್ಟ್ ಕೇಳೋದಿಲ್ಲ. ನಮ್ಮ ಐಟಿಯವರು ಇವಕ್ಕೆ ತಲೆಹಾಕೋದು ಕಡಿಮೆ.

ಇನ್ನು ಪೌರತ್ವ. ಜರ್ಮನಿ ಎರಡು ಪಾಸ್‌ಪೋರ್ಟ್ ಒಪ್ಪುತ್ತೆ, ಭಾರತ ಒಪ್ಪೋದಿಲ್ಲ. ಇಲ್ಲಿನ ಮತ ಬೇಕಾದರೆ ಅಲ್ಲಿನ ಮತ ಬಿಡಬೇಕು. ಒಸಿಐ ಕಾರ್ಡ್ ಊರಿಗೆ ಬರೋಕೆ ಸಾಕು, ಊರಿನ ಗ್ರಾಮ ಪಂಚಾಯ್ತಿಗೆ ಮತ ಹಾಕೋಕೆ ಸಾಲದು. ಇದು ಪ್ರತಿಯೊಬ್ಬರೂ ತಾವೇ ತೂಗಿ ನೋಡಬೇಕಾದ ಲೆಕ್ಕ, ಸಲಹೆ ಕೊಡುವ ಹಕ್ಕು ನನಗಿಲ್ಲ. ಆದರೆ ಎರಡೂ ಕಡೆ ಮತ ಹಾಕದೆ ಹತ್ತು ಹದಿನೈದು ವರ್ಷ ಕಳೆಯೋದೂ ಒಂದು ರಾಜಕೀಯ ತೀರ್ಮಾನವೇ.

ಬೆಂಗಳೂರಿನವರಿಗೆ ಒಂದು ಮಾತು

ಇದನ್ನು ಕರ್ನಾಟಕದಲ್ಲಿ ಕೂತು ಓದುವವರಿಗೂ ಇದರಲ್ಲಿ ಪಾಲಿದೆ. 2024ರ ಜುಲೈನಲ್ಲಿ ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿ, ಉದ್ದಿಮೆಗಳ ವಿರೋಧದಿಂದ ತಡೆಹಿಡಿದದ್ದು ನೆನಪಿರಬಹುದು. ‘ಹೊರಗಿನವರು’ ಎಂಬ ಪದವನ್ನು ಬೆಂಗಳೂರಿನಲ್ಲಿ ಬಳಸುವ ನಾವೇ ಮ್ಯೂನಿಕ್‌ಗೆ ಬಂದಿಳಿದ ದಿನ ಆ ಪದದ ಇನ್ನೊಂದು ತುದಿಯಲ್ಲಿರುತ್ತೇವೆ.

ನೆಲದ ಭಾಷೆ ಕಲಿಯಿರಿ ಅನ್ನುವ ಬೇಡಿಕೆಯಲ್ಲಿ ತಪ್ಪಿಲ್ಲ ಅಂತ ನಾನು ಇಲ್ಲಿ ಬಂದ ಮೇಲೂ ನಂಬುತ್ತೇನೆ. ಜರ್ಮನ್ ಪೌರತ್ವಕ್ಕೆ ಬಿ1 ಮಟ್ಟದ ಭಾಷೆ ಬೇಕು, ಅದಕ್ಕಾಗಿ ಸಂಜೆ ಕ್ಲಾಸಿಗೆ ಹೋಗುವ ಯಾರೂ ಅದನ್ನು ಅವಮಾನ ಅಂದುಕೊಳ್ಳೋದಿಲ್ಲ. ಭಾಷೆಯನ್ನು ಕಷ್ಟಪಟ್ಟರೆ ಯಾರು ಬೇಕಾದರೂ ಕಲಿಯಬಹುದು. ವಂಶವನ್ನು ಕಲಿಯೋಕಾಗಲ್ಲ. ಜರ್ಮನಿಯ ಪಕ್ಷಗಳ ನಡುವೆ ಇವತ್ತು ನಡೆಯುತ್ತಿರುವ ಜಗಳದ ತಿರುಳು ಇದೇ: ಬಂದವರಿಗೆ ಒಳಗೆ ಬರಲು ಷರತ್ತು ಹಾಕೋದಾ, ಅಥವಾ ಯಾವ ಷರತ್ತು ಪೂರೈಸಿದರೂ ನೀನು ನಮ್ಮವನಲ್ಲ ಅನ್ನೋದಾ? ಮೊದಲನೆಯದರ ಬಗ್ಗೆ ಸಿಡಿಯು, ಎಸ್‌ಪಿಡಿ, ಗ್ರೀನ್ಸ್ ಎಷ್ಟು ಬೇಕಾದರೂ ಕಿತ್ತಾಡಲಿ. ಅದು ಪ್ರಜಾಪ್ರಭುತ್ವದ ಸಹಜ ಜಗಳ, ಆ ಜಗಳಕ್ಕೆ ನಾವೂ ಇಳಿಯಬಹುದು. ಎರಡನೆಯದನ್ನು ಹೇಳುವವರು, ಇವತ್ತು ನಮ್ಮ ಡಿಗ್ರಿ ನೋಡಿ ನಗುತ್ತಿದ್ದರೂ, ನಮ್ಮ ಪಕ್ಷ ಆಗೋದಿಲ್ಲ.